ಅತ್ತೆಯವರು ಮಂಚಕ್ಕೆ ಬಣ್ಣ ಹಚ್ಚಿದ್ದು

ನಮ್ಮ ಮನೆಯಲ್ಲಿ ಅತ್ತೆಯವರು ಇದುವರೆಗೂ ಬಣ್ಣ ಹಚ್ಚದೆ ಬಿಟ್ಟಿರುವ ವಸ್ತು ಒಂದೇ ಒಂದು: ನಮ್ಮ ಮಾವನವರು. ಅದೂ ದಯೆಯಿಂದ ಬಿಟ್ಟದ್ದಲ್ಲ. ಬಣ್ಣ ಒಣಗುವಷ್ಟು ಹೊತ್ತು ಅವರು ಒಂದು ಕಡೆ ಕೂಡುವುದಿಲ್ಲ, ಅದಕ್ಕೆ!

ನಗಬೇಡಿ. ನೀವು ನಮ್ಮ ಮನೆ ನೋಡಿಲ್ಲ, ಅದಕ್ಕೇ ನಿಮಗೆ ನಗು ಬರುತ್ತಿದೆ. ಸೊಲ್ಲಾಪುರದಲ್ಲಿ ವಿಜಾಪುರ ರಸ್ತೆಯಿಂದ ಒಳಗೆ ತಿರುಗಿ, "ಗುಲಾಬಿ ಮೀಟರಿನ ಮನಿ ಎಲ್ಲೈತ್ರಿ?" ಎಂದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಕರೆಂಟಿನ ಮೀಟರ್ ಗುಲಾಬಿ. ಗೇಟು ಹಸಿರು. ತುಳಸಿಕಟ್ಟೆ ಹಳದಿ. ಮಾವನವರ ಸ್ಕೂಟರ್ ಈ ಮೂರೂ ಕೂಡಿದ್ದು! ಮೀಟರ್ ನೋಡಲು ಬರುವಾತ ಮೊದಲು ಉಗುರಿನಿಂದ ಗಾಜು ಕೆರೆದು, ಆಮೇಲೆ ಅಂಕಿ ಓದುತ್ತಾನೆ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಬಾಗಿಲಿಗೆ ಕೀಲಿ ಹಾಕುವುದು ಕಳ್ಳರ ಭಯಕ್ಕಲ್ಲ.

ನಾನು ವಿಜಯಪುರದ ಹೆಣ್ಣುಮಗಳು. ಸೊಲ್ಲಾಪುರಕ್ಕೆ ಕೊಟ್ಟರು. ಇಲ್ಲಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ. ಹಗಲೆಲ್ಲ ನಾನು ಮಂದಿಯ ರಕ್ತ ತೆಗೆಯುತ್ತೇನೆ, ಸಂಜೆ ಮನೆಗೆ ಬಂದಮೇಲೆ ಅತ್ತೆಯವರು ನನ್ನದು ತೆಗೆಯುತ್ತಾರೆ. ನನ್ನ ಗಂಡ ಟವೆಲ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಜರ್. ಅಲ್ಲಿ ಅವರ ದನಿ ಕೇಳಿದರೆ ಮಗ್ಗಗಳೇ ಗಪ್ಪಾಗುತ್ತವಂತೆ. ಮನೆಯಲ್ಲಿ ಅವರ ಬಾಯಿಂದ ಬರುವುದು ಮಾತ್ರ ಒಂದೇ ಮಾತು: "ಅವ್ವ ಬರೋಬರಿ ಹೇಳ್ತಾಳ." ಮಾವನವರು ನಿವೃತ್ತ ಬಸ್ ಕಂಡಕ್ಟರ್. ನೌಕರಿಯುದ್ದಕ್ಕೂ "ಮುಂದ ಸರೀರಿ, ಮುಂದ ಸರೀರಿ" ಎಂದು ಕೂಗಿ ಕೂಗಿ ಪಾಲಿಗೆ ಬಂದ ಮಾತೆಲ್ಲ ಖರ್ಚಾಗಿ, ಈಗ ಬರೀ "ಹ್ಞೂಂ" ಉಳಿದಿದೆ. ಇನ್ನು ಮಗಳು ಪರಿ. ಎರಡನೆಯ ಇಯತ್ತೆ, ಮರಾಠಿ ಶಾಲೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಇಬ್ಬರಿಗೂ ಇನ್ನೂ ಹೊಳೆದಿಲ್ಲ.

ಹೊಸದಾಗಿ ಕಟ್ಟಿದ ಈ ಮನೆಗೆ ಬಂದಮೇಲೆ ಪರಿಗೆ ತನ್ನದೇ ಒಂದು ಖೋಲಿ ಸಿಕ್ಕಿತು. ಅಲ್ಲಿಯವರೆಗೆ ಎಲ್ಲರೂ ಒಂದೇ ಖೋಲಿಯಲ್ಲಿ ಸಾಲಾಗಿ ಮಲಗುತ್ತಿದ್ದೆವು, ಯಾರ ಕಾಲು ಯಾರದೆಂದು ಬೆಳಗ್ಗೆಯೇ ಗೊತ್ತಾಗುತ್ತಿತ್ತು. ಮಗಳಿಗೊಂದು ಪಲಂಗ, ಓದಲು ಮೇಜು, ಬಟ್ಟೆಗೊಂದು ಪುಟ್ಟ ಕಪಾಟು ಬೇಕು ಎಂದು ನಾನು ಅಂಗಡಿಗೆ ಹೋಗಿ ಬಿಳಿ-ಗುಲಾಬಿಯ ಸೆಟ್ ಒಂದನ್ನು ನೋಡಿ ಬಂದೆ. ಮೊಬೈಲಿನಲ್ಲಿ ಅದರ ಫೋಟೋ ತೋರಿಸಿದೆ. ಅತ್ತೆಯವರು ಫೋಟೋವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಮೂಸಿ ನೋಡುವುದೊಂದನ್ನು ಬಿಟ್ಟು ಎಲ್ಲ ಪರೀಕ್ಷೆ ಮಾಡಿದರು.

"ಇದು ಕಟ್ಟಿಗಿ ಅಲ್ಲ. ಕಟ್ಟಿಗಿ ಹೊಟ್ಟು. ಒತ್ತಿ ಹಲಗಿ ಮಾಡ್ಯಾರ. ಎಮ್ಮಿ ಮುಂದ ಇಟ್ಟರ ಎಮ್ಮಿ ತಿಂದು ಹೋಗತೈತಿ."

"ಅತ್ತಿ, ಸೊಲ್ಲಾಪುರದಾಗ ನಾಲ್ಕನೇ ಗಲ್ಲಿಯೊಳಗ ಎಮ್ಮಿ ಎಲ್ಲಿಂದ ಬರ್ತೈತ್ರಿ?"

"ಮಾತಿಗೆ ಹೇಳಿದೆ. ಎಮ್ಮಿ ಬರಲಿಲ್ಲಂದ್ರ ಗೆದ್ದಲ ಬರ್ತೈತಿ. ನನ್ನ ಮೊಮ್ಮಗಳ ಪಲಂಗ ನಾನs ಮಾಡ್ತೀನಿ."

"ಅವ್ವ ಬರೋಬರಿ ಹೇಳ್ತಾಳ" ಎಂದರು ನನ್ನ ಗಂಡ.

ಅಕ್ಕಲಕೋಟದಲ್ಲಿ ಅತ್ತೆಯವರ ತವರು. ಅಲ್ಲಿ ಅವರ ತಮ್ಮ ಹಳೆಯ ಮನೆಯ ಅಟ್ಟ ಕೆಡವಿ ಸ್ಲ್ಯಾಬ್ ಹಾಕಿಸುತ್ತಿದ್ದ. ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಮನೆಯ ಮುಂದೆ ಟೆಂಪೊ ನಿಂತಿತ್ತು. ಅದರಲ್ಲಿ ಸಾಗವಾನಿ ಹಲಗೆಗಳು. ಅವುಗಳ ಮೇಲೆ, ದಿಗ್ವಿಜಯ ಮುಗಿಸಿ ಬಂದ ಸೇನಾಪತಿಯ ಹಾಗೆ, ಅತ್ತೆಯವರು! ಹಲಗೆಗಳಿಗೆ ಹೊಗೆಯ ಕಪ್ಪು, ಜೇಡರ ಬಲೆ, ಎಂದೋ ಕಟ್ಟಿಟ್ಟ ಬೆಳ್ಳುಳ್ಳಿಯ ಸಿಪ್ಪೆ. ಒಂದರಲ್ಲಿ ಗುಬ್ಬಿಯ ಗೂಡೂ ಇತ್ತು. ಪರಿಗೆ ಆ ಗೂಡೇ ಸಾಕಾಗಿತ್ತು. ಪಲಂಗ ಯಾರಿಗೆ ಬೇಕು?

ಮೊದಲು ಒಬ್ಬ ಬಡಿಗನನ್ನು ಕರೆಸಿದರು. ಅತ್ತೆಯವರು ಅವನ ಹಿಂದೆ ನಿಂತು ಮೊಬೈಲಿನ ವಿಡಿಯೋ ತೋರಿಸತೊಡಗಿದರು. ಆ ವಿಡಿಯೋದಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಮರಗೆಲಸ ಮಾಡುತ್ತಿರುತ್ತಾನೆ. ಅವನ ಮಾತು ಅತ್ತೆಯವರಿಗೆ ತಿಳಿಯುವುದಿಲ್ಲ, ಆದ್ದರಿಂದ ದನಿ ಬಂದ್ ಮಾಡಿ ನೋಡುತ್ತಾರೆ. "ಬಾಯಿ ನೋಡಬಾರದು, ಕೈ ನೋಡಬೇಕು" ಎಂಬುದು ಅವರ ಸಿದ್ಧಾಂತ. ಸೊಸೆಗೆ ಮಾತ್ರ ಈ ಸಿದ್ಧಾಂತ ಅನ್ವಯಿಸುವುದಿಲ್ಲ! ಬರುಬರುತ್ತ ಆ ಗಡ್ಡದವನು ನಮ್ಮ ಮನೆಯ ಬೀಗನಂತಾದ. "ಇವತ್ತ ಅಂವಾ ಸೊರಗಿದಂಗ ಕಾಣ್ತಾನ, ಪಾಪ. ಹೆಂಡತಿ ಉಣಾಕ ಹಾಕ್ತಾಳೋ ಇಲ್ಲೋ" ಎಂದು ನನ್ನ ಕಡೆ ನೋಡುತ್ತಿದ್ದರು.

ಬಡಿಗ ಎರಡು ದಿನ ತಾಳಿದ. ಆಮೇಲೆ ಉಳಿ-ಬಾಚಿ ಚೀಲಕ್ಕೆ ಹಾಕಿಕೊಂಡು, "ಬಾಯಾರ, ಆ ಗಡ್ಡದಾಂವನ್ನs ಕರಸ್ರಿ" ಎಂದು ಹೇಳಿ ಹೋದವನು ಈ ಕಡೆ ತಲೆ ಹಾಕಲಿಲ್ಲ.

ಅತ್ತೆಯವರು ಪೇಟೆಗೆ ಹೋಗಿ ಗರಗಸ ತಂದರು. ಸೀರೆಯ ಕಚ್ಚೆ ಬಿಗಿದು ಅಂಗಳಕ್ಕೆ ಇಳಿದರು. ಹೇಗೆ ಮಾಡಿದರೋ ದೇವರೇ ಬಲ್ಲ, ಪಲಂಗ ಪಲಂಗದ ಹಾಗೆಯೇ ಆಯಿತು. ಮೇಜಿಗೆ ನಾಲ್ಕೂ ಕಾಲು ಬಂದವು. ಆದರೆ ಪಲಂಗವನ್ನು ಖೋಲಿಯಲ್ಲಿ ಇಟ್ಟಾಗ ಅದು ಹಳೆಯ ಬಸ್ಸಿನ ಹಾಗೆ ಒಂದು ಕಡೆ ವಾಲಿತು. ಮಾವನವರಿಗೆ ತಮ್ಮ ನೌಕರಿ ನೆನಪಾಗಿ ಕಣ್ಣು ತೇವವಾದವು.

"ಒಂದು ಕಾಲು ಗಿಡ್ಡ ಆಗೇತ್ರಿ ಅತ್ತಿ" ಎಂದೆ.

"ಕಾಲು ಬರೋಬರಿ ಐತಿ. ಫರಶಿ ಡೊಂಕ ಐತಿ. ಬಿಲ್ಡರಗ ಫೋನ್ ಹಚ್ಚು."

ಈಗ ನಿಜವಾದ ಕಥೆ ಶುರು. ಕೂಡಿಸುವುದೇನು ಮಹಾ! ಕೂಡಿಸಿದ್ದನ್ನು ನುಣುಪು ಮಾಡಿ, ಬಣ್ಣ ಹಚ್ಚಿ, ಮಗುವಿನ ಖೋಲಿಗೆ ತಕ್ಕ ಸಾಮಾನು ಮಾಡುವುದಿದೆಯಲ್ಲ, ಅದರಲ್ಲಿ ನಮ್ಮ ಸಂಸಾರ ಮುಳುಗಿತು.

ಮೊದಲನೆಯದು ಪಾಲಿಷ್ ಪೇಪರಿನಿಂದ ತಿಕ್ಕುವ ಕೆಲಸ. ಅತ್ತೆಯವರು ಮನೆಯವರಿಗೆಲ್ಲ ಒಂದೊಂದು ತುಂಡು ಹಂಚಿದರು. ನನ್ನ ಗಂಡ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಮೇಜಿನ ಕಾಲು ತಿಕ್ಕುತ್ತಿದ್ದರು. ನಾನು ರೊಟ್ಟಿ ಬಡಿಯುವ ಮೊದಲು ಒಂದು ಹಲಗೆ, ಬಡಿದ ಮೇಲೆ ಒಂದು ಹಲಗೆ. ರೊಟ್ಟಿಗೆ ಸಾಗವಾನಿಯ ರುಚಿ ಬಂದಿತ್ತು. ಮನೆಗೆ ಯಾರು ಬಂದರೂ ಚಹಾ ಬರುವ ಮೊದಲು ಪಾಲಿಷ್ ಪೇಪರ್ ಬರುತ್ತಿತ್ತು! ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದವಳು ಒಂದು ಡ್ರಾವರ್ ಪೂರ್ತಿ ತಿಕ್ಕಿ ಹೋದಳು. ಮನೆಗೆ ಹೋದಮೇಲೆ ಅವಳಿಗೆ ಹೆಪ್ಪು ಮರೆತದ್ದು ನೆನಪಾಯಿತು. ಆದರೆ ಮತ್ತೆ ಬರಲು ಧೈರ್ಯವಾಗದೆ ಪ್ಯಾಕೆಟ್ ಮೊಸರು ತಂದಳಂತೆ.

ನುಣುಪಾಯಿತೋ ಇಲ್ಲವೋ ನೋಡಲು ಅತ್ತೆಯವರ ಬಳಿ ಒಂದೇ ಪರೀಕ್ಷೆ. ಗಲ್ಲ ಹಚ್ಚಿ ನೋಡುವುದು. "ಕೂಸಿನ ಗಲ್ಲ ನಾಳೆ ಇದಕ್ಕ ತಾಗತೈತಿ. ಮೊದಲ ನಮ್ಮ ಗಲ್ಲ ತಾಗಲಿ" ಎಂದು ನನ್ನ ಗಂಡನನ್ನು ಕರೆದರು. ಅವರು ಹಲಗೆಗೆ ಗಲ್ಲ ಒತ್ತಿ ಆ ತುದಿಯಿಂದ ಈ ತುದಿಗೆ ಸರಿದರು. ಕಿವಿಗೆ ಸಿಬಿರು ಚುಚ್ಚಿತು. ಲ್ಯಾಬಿನಿಂದ ಚಿಮಟ ತಂದು ನಾನು ಅದನ್ನು ಕೀಳುತ್ತಿರುವಾಗ, ನೋವಿನಲ್ಲಿಯೂ ಅವರು ಹೇಳಿದ್ದೇನು ಗೊತ್ತೇ? "ಅವ್ವ ಬರೋಬರಿ ಹೇಳಿದ್ಳು. ಇನ್ನೂ ಖರಬರಿ ಐತಿ."

ಎರಡನೆಯದು ಬಿರುಕು ತುಂಬುವುದು. ಅಂಗಡಿಯ ಲಾಂಬಿಯಲ್ಲಿ ಏನು ಕಲಬೆರಕೆ ಇರುತ್ತದೋ ಎಂದು ಅತ್ತೆಯವರು ಮನೆಯಲ್ಲಿಯೇ ಲಾಂಬಿ ಮಾಡಿದರು. ಜೋಳದ ಹಿಟ್ಟಿನ ಅಂಬಲಿ ಕಾಸಿ, ಅದಕ್ಕೆ ಕಟ್ಟಿಗೆಯ ಪುಡಿ ಕಲಸಿ, ಮೇಲೆ ಒಂದಿಷ್ಟು ಬೆಲ್ಲ! "ಬೆಲ್ಲ ಯಾಕ್ರೀ?" ಎಂದರೆ, "ಅಂಟಬೇಕಲ್ಲ" ಎಂದರು. ಅಂಟಿತು. ವಾರದೊಳಗೆ ಅಂಗಳದಿಂದ ಪರಿಯ ಮೇಜಿನವರೆಗೆ ಇರುವೆಗಳ ಸಾಲು ಹಿಡಿಯಿತು. ಸೊಲ್ಲಾಪುರದ ಇರುವೆಗಳಷ್ಟೇ ಅಲ್ಲ, ಹತ್ತಿರದೂರು ಬೋರಾಮಣಿಯ ಇರುವೆಗಳೂ ಬಸ್ಸು ಹಿಡಿದು ಬಂದಿರಬೇಕೆಂದು ನನ್ನ ಅನುಮಾನ.

"ಮೇಜು ಇರಿವಿ ತಿನ್ನಾಕತ್ತಾವ್ರಿ ಅತ್ತಿ!"

"ತಿನ್ನಾಕತ್ತಾವ ಅಂದ್ರ ಮಾಲ್ ಶುದ್ಧ ಐತಿ ಅಂತ. ನಿನ್ನ ಅಂಗಡಿ ಪಲಂಗಕ್ಕ ಒಂದರ ಇರಿವಿ ಬರ್ತಿತ್ತೇನು, ಹೇಳು."

ಇಂಥ ವಾದಕ್ಕೆ ಎದುರು ವಾದ ಯಾವ ವಕೀಲನ ಬಳಿ ಇದೆ?

ಮೂರನೆಯದು ಬಣ್ಣ. ಬಣ್ಣದಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಹೋಗಬಾರದಿತ್ತು. ಅಂಗಡಿಯವನು ಮರಾಠಿಯವನು, ನೂರಾರು ಬಣ್ಣದ ಚೀಟಿಗಳ ಪುಸ್ತಕ ಬಿಚ್ಚಿಟ್ಟು, "ಕೊಣತಾ ಕಲರ್ ಪಾಹಿಜೆ ಆಜಿ?" ಎಂದು ಬೇಕಾದ ಬಣ್ಣ ಕೇಳಿದ. ಅತ್ತೆಯವರು ಪುಸ್ತಕವನ್ನು ಮುಚ್ಚಿ ಅವನ ಕಡೆಗೇ ಸರಿಸಿದರು.

"ಮಾವಿನ ಎಲಿ ಬಣ್ಣ ಕೊಡು. ಎಳೀ ಚಿಗುರು ಬ್ಯಾಡ, ಅದು ಕೆಂಪಿರತೈತಿ. ಬಲತ ಎಲಿನೂ ಬ್ಯಾಡ. ನಡುವಿಂದು. ಬಿಸಲಾಗ ನಿಂತು ನೋಡಿದ್ರ ಹಿಂದಿನ ಬೆಳಕು ಕಾಣಬೇಕು, ಹಂತಾದ್ದು."

ನಾನು ಇದನ್ನು ಮರಾಠಿಗೆ ತಿರುಗಿಸಿ ಹೇಳಿದೆ. ಅವನು ಕೇಳಿ, ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿ, "ಗ್ರೀನ್" ಎಂದು ಒಂದು ಡಬ್ಬಿ ಕೊಟ್ಟ.

ಹಚ್ಚಿದ ಮೇಲೆ ಪಲಂಗ ನಮ್ಮ ಆಸ್ಪತ್ರೆಯ ಪರದೆಯ ಹಾಗೆ ಕಂಡಿತು. ಪರಿಗೆ ಅದನ್ನು ನೋಡಿದರೆ ಇಂಜೆಕ್ಷನ್ ನೆನಪಾಗುತ್ತಿತ್ತು. ಅದರ ಮೇಲೆ ಹಳದಿ ಬಂತು. ಹಳದಿಯ ಕೆಳಗಿನಿಂದ ಹಸಿರು ಇಣುಕಿ ಪಲಂಗಕ್ಕೆ ಕಾಮಾಲೆ ಹಿಡಿದ ಹಾಗಾಯಿತು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ, ಲ್ಯಾಬಿನಲ್ಲಿ ದಿನವೂ ನೋಡುತ್ತೇನಲ್ಲ! ಮತ್ತೆ ತಿಕ್ಕಾಟ, ಮತ್ತೆ ಬಣ್ಣ. ಉಳಿದ ಬಣ್ಣ ಚೆಲ್ಲಬಾರದೆಂದು ಗೇಟು, ತುಳಸಿಕಟ್ಟೆ, ಲಟ್ಟಣಿಗೆಯ ಹಿಡಿ, ಬಾವಿಯೇ ಇಲ್ಲದ ಮನೆಯ ಬಾವಿ ಹಗ್ಗದ ರಾಟೆ! ಮಾವನವರು ಮಧ್ಯಾಹ್ನ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸ್ಕೂಟರಿಗೆ ಹಸಿರು-ಹಳದಿ ಪಟ್ಟೆ ಬಿದ್ದಿದ್ದವು. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹ್ಞೂಂ" ಎಂದು, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಅಂದಿನಿಂದ ಅವರ ದಿನಚರಿ ಬದಲಾಯಿತು. ಬೆಳಗಿನ ಬಸ್ಸಿಗೆ ಅಕ್ಕಲಕೋಟ, ಗುಡಿಯಲ್ಲಿ ಪ್ರಸಾದದ ಊಟ, ಕಟ್ಟೆಯ ಮೇಲೆ ನಿದ್ದೆ, ಸಂಜೆಯ ಬಸ್ಸಿಗೆ ಮನೆ. ಅವರ ಭಕ್ತಿ ಕಂಡು ಓಣಿಯವರು ಕೈ ಮುಗಿಯತೊಡಗಿದರು. ಅದು ಟರ್ಪೆಂಟೈನಿನ ಪ್ರಭಾವ ಎಂದು ನನಗೊಬ್ಬಳಿಗೇ ಗೊತ್ತು.

ವಾಸನೆಯ ವಿಷಯಕ್ಕೆ ಒಂದು ದಿನ ನಾನೇ ಬಾಯಿ ಬಿಟ್ಟೆ. "ಅತ್ತಿ, ಇದು ಕೂಸಿನ ಪುಪ್ಪುಸಕ್ಕ ಚಲೋ ಅಲ್ಲ. ಕಿಡಿಕಿ ತಗದು ಎಂಟ ದಿನ ಬಿಡೂಣು. ಡಾಕ್ಟರೂ ಹಂಗs ಹೇಳ್ತಾರ."

"ಡಾಕ್ಟರ ಹೇಳ್ತಾನಂತ! ನಿಮ್ಮ ಲ್ಯಾಬಿನಾಗ ಮಂದಿ ಉಚ್ಚಿ ಬಾಟಲಿದಾಗ ಸಾಲಾಗಿ ಇಟಗೊಂಡು ಕುಂತಿರ್ತೀರಿ. ನಿನಗ ನನ್ನ ಬಣ್ಣ ನಾರತೈತೇನು?"

ಆದರೂ ಮರುದಿನ ಬೆಳಗ್ಗೆ ನೋಡಿದರೆ ಪಲಂಗ ಅಂಗಳದಲ್ಲಿತ್ತು. ಬಣ್ಣವೆಲ್ಲ ಇನ್ನು ಹೊರಗೇ ಎಂದು ಅತ್ತೆಯವರು ತಾವೇ ಠರಾವು ಮಾಡಿದ್ದರು. "ನೀ ಹೇಳಿದ್ದಕ್ಕಲ್ಲ. ಒಳಗ ಬೆಳಕು ಸಾಲದು" ಎಂದರು.

ಪರಿ ದಿನವೂ ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ ಕೇಳುತ್ತಿದ್ದಳು, "ಆಜಿ, ಮಾಝಾ ಪಲಂಗ ಕಧೀ ಹೋಣಾರ?" ತನ್ನ ಪಲಂಗ ಯಾವಾಗ ಆಗುತ್ತದೆ ಎಂಬ ಆ ಪ್ರಶ್ನೆಗೆ ಅಜ್ಜಿ, "ಆತು ನನ್ನ ಬಂಗಾರಾ, ಇನ್ನೊಂದs ಕೋಟ್" ಎನ್ನುತ್ತಿದ್ದರು. ಆ ಇನ್ನೊಂದು ಕೋಟಿಗೆ ಕೊನೆಯೇ ಇರಲಿಲ್ಲ. ಕಡೆಗೆ ಪರಿಯೇ ಅಂಗಡಿಗೆ ಹೋಗಿ, ಪುಸ್ತಕ ಬಿಚ್ಚಿ, ಗುಲಾಬಿಯ ಮೇಲೆ ಬೆರಳಿಟ್ಟಳು. ಅಂದರೆ ನಾನು ಮೊದಲ ದಿನ ಫೋಟೋದಲ್ಲಿ ತೋರಿಸಿದ್ದ ಅದೇ ಗುಲಾಬಿ! ಸುಮ್ಮನೆ ಮುಗುಳ್ನಕ್ಕೆ. ಸೊಸೆಯಂದಿರ ಬಾಳಿನಲ್ಲಿ ಇಂಥ ಗಳಿಗೆ ದಿನಾಲೂ ಬರುವುದಿಲ್ಲ.

ಹೊಳಪಿನ ಗುಲಾಬಿ ಎಣ್ಣೆಬಣ್ಣ. ಅತ್ತೆಯವರು ಉಸಿರು ಹಿಡಿದು, ಒಂದು ಕೂದಲೆಳೆಯ ಗುರುತೂ ಬೀಳದ ಹಾಗೆ ಹಚ್ಚಿದರು. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ಬಿಸಿಲಿಗೆ ಪಲಂಗ ಹೊಸ ಬಳೆಯ ಹಾಗೆ ಹೊಳೆಯಿತು. ಎರಡು ದಿನ ಅದರ ಸುತ್ತ ಕುರ್ಚಿಗಳನ್ನು ಅಡ್ಡ ಇಟ್ಟು ಅತ್ತೆಯವರು ಕಾವಲು ಕೂತರು. ಕಾಗೆ, ನೊಣ, ಮಾವನವರು, ಯಾರಿಗೂ ಪ್ರವೇಶವಿರಲಿಲ್ಲ. ಆದರೆ ಕಾವಲು ಕೂತವರ ಕೈ ಸುಮ್ಮನಿರಬೇಕಲ್ಲ? ಪಲಂಗದ ತಲೆಗಡೆಯ ಹಲಗೆ ಯಾಕೋ ಮಸುಕಾಗಿದೆ ಎನಿಸಿ, ಅದಕ್ಕೆ ಮಾತ್ರ ಇನ್ನೊಂದು ಸಲ ದಪ್ಪಗೆ ಬಣ್ಣ ಎಳೆದು, ಉಳಿದದ್ದನ್ನು ಮೀಟರಿಗೂ ಸ್ಕೂಟರಿಗೂ ಬಳಿದರು.

ರವಿವಾರ ಪಲಂಗ ಖೋಲಿಗೆ ಬಂತು. ಗಾದಿ ಹಾಕಿದೆವು. ಮೇಲೆ ಸೊಲ್ಲಾಪುರದ ಹೊಸ ಚಾದರ. ಅತ್ತೆಯವರು ಕಾಲುಗಡೆಯ ಹಲಗೆಯ ಮೇಲೆ ಬೆರಳು ಒತ್ತಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಒಣಗೇತಿ. ಮಲಕೊ ನನ್ನವ್ವಾ" ಎಂದರು. ಪರಿ ಹಾರಿ ಮಲಗಿದಳು. ಮಲಗಿದವಳಿಗೆ ಊಟದ ಜಡಕ್ಕೆ ನಿದ್ದೆಯೂ ಹತ್ತಿತು. ಆ ದಿನ ಅವಳಿಗೆ ತಲೆಗೆ ನೀರು ಹಾಕಿದ್ದೆ. ಸೊಂಟದವರೆಗೆ ಬರುವ ಕೂದಲನ್ನು ಆರಲೆಂದು ಬಿಚ್ಚಿಬಿಟ್ಟಿದ್ದೆ. ತಲೆದಿಂಬಿನ ಮೇಲಿಂದ ಅದು ಹಿಂದಿನ ಹಲಗೆಗೆ ಹರಡಿಕೊಂಡಿತ್ತು.

ಸಂಜೆಯ ಚಹಾದ ಹೊತ್ತಿಗೆ ಖೋಲಿಯಿಂದ ಕಿರುಚಿದ ಸದ್ದು ಕೇಳಿ ಓಡಿದೆವು. ಪರಿ ಏಳಲು ಹೋಗಿದ್ದಾಳೆ, ಕೂದಲು ಏಳಗೊಟ್ಟಿಲ್ಲ. ಮೇಲೆ ಒಣಗಿದಂತೆ ಕಂಡ ದಪ್ಪ ಬಣ್ಣ ಒಳಗೆ ಹಸಿಯಾಗಿಯೇ ಇತ್ತು. ಮಧ್ಯಾಹ್ನದ ಧಗೆಗೆ ಮೆತ್ತಗಾಗಿ, ಹರಡಿದ ಕೂದಲನ್ನೆಲ್ಲ ಹಿಡಿದುಕೊಂಡಿತ್ತು. ಕೊಬ್ಬರಿ ಎಣ್ಣೆ ಹಚ್ಚಿದೆವು. ತುಪ್ಪ ಹಚ್ಚಿದೆವು. ಟರ್ಪೆಂಟೈನ್ ತಂದರೆ ಕಣ್ಣಿಗೆ ಹತ್ತಿ ಹುಡುಗಿ ಇನ್ನಷ್ಟು ಅತ್ತಳು. ಒಂದು ಎಳೆ ಬಿಡಿಸುವಷ್ಟರಲ್ಲಿ ಇನ್ನೊಂದು ಅಂಟುತ್ತಿತ್ತು. ಕಡೆಗೆ ನಾನೇ ಕತ್ತರಿ ತಂದೆ. ಕಿವಿಯ ಹತ್ತಿರದ ಕೂದಲನ್ನು ನನ್ನ ಕೈ ಡೊಂಕುಡೊಂಕಾಗಿ ಕತ್ತರಿಸಿತು. ದಿನವೂ ಎಷ್ಟೋ ಜನರ ನರ ಹುಡುಕಿ ಸೂಜಿ ಚುಚ್ಚುವ ಕೈ ಅದು!

ಬರೀ ಕೂದಲಾಗಿದ್ದರೆ ಬೇರೆ ಮಾತು. ಬುಧವಾರ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಇತ್ತು. ಸುಗ್ಗಿಯ ಕುಣಿತದಲ್ಲಿ ಪರಿ ಇದ್ದಳು. ಕಚ್ಚೆಸೀರೆ, ತಲೆಗೆ ದೊಡ್ಡ ತುರುಬು, ತುರುಬಿಗೆ ಮಲ್ಲಿಗೆ ಮಾಲೆ. ಎಲ್ಲ ಹುಡುಗಿಯರಿಗಿಂತ ತನ್ನದೇ ತುರುಬು ದೊಡ್ಡದಾಗುತ್ತದೆ ಎಂದು ಟೀಚರ್ ಹೇಳಿದ್ದನ್ನು ಅವಳು ಗಲ್ಲಿಯ ನಾಯಿಗಳಿಗೂ ಹೇಳಿ ಬಂದಿದ್ದಳು. ಆ ಹುಡುಗಿ ಈಗ ಕನ್ನಡಿಯ ಮುಂದೆ ನಿಂತು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, "ಮೀ ನಾಹೀ ನಾಚಣಾರ" ಎಂದಳು. ಕುಣಿಯುವುದಿಲ್ಲ ಎಂಬ ಆ ಮಾತನ್ನು ಮತ್ತೆ ಮತ್ತೆ ಹೇಳಿದಳು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಅಂಗಡ್ಯಾಗಿಂದು ತಂದಿದ್ರ ಇದೆಲ್ಲ ಆಗತಿತ್ತೇನ್ರಿ? ಒಣಗೇತಿ ಅಂದವರು ಯಾರು? ನೋಡ್ರಿ, ಕಣ್ಣ ತಗದು ನೋಡ್ರಿ ಕೂಸಿನ್ನ!" ಎಂದು ಕೂಗಿಬಿಟ್ಟೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಉತ್ತರಕ್ಕೆ ಕಾದೆ. ಅತ್ತೆಯವರು ಹಲಗೆಗೆ ಅಂಟಿ ಉಳಿದ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸತೊಡಗಿದರು. ನನ್ನ ಗಂಡ ಬಾಗಿಲಲ್ಲಿ ನಿಂತು ಅವ್ವನ ಮುಖ, ನನ್ನ ಮುಖ ನೋಡಿದರು. ಯಾರು ಬರೋಬರಿ ಎಂದು ಹೇಳಬೇಕೋ ಅವರಿಗೂ ತಿಳಿಯಲಿಲ್ಲ.

ಮರುದಿನ ನಾನು ರಜೆ ಹಾಕಿದೆ. ಡೊಂಕಾಗಿ ಕತ್ತರಿಸಿದ್ದನ್ನು ಸರಿ ಮಾಡಿಸಲು ಪರಿಯನ್ನು ಪಾರ್ಲರಿಗೆ ಕರೆದುಕೊಂಡು ಹೊರಟಾಗ ಅತ್ತೆಯವರೂ ಚಪ್ಪಲಿ ಹಾಕಿಕೊಂಡರು. ನಾನು ಬೇಡ ಎನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಅವರು ಜೀವಮಾನದಲ್ಲಿ ಪಾರ್ಲರಿನ ಹೊಸ್ತಿಲು ತುಳಿದವರಲ್ಲ. ಒಳಗೆ ಬೆಂಚಿನ ತುದಿಯಲ್ಲಿ, ದವಾಖಾನೆಗೆ ಬಂದವರ ಹಾಗೆ ಕೂತರು.

ಪಾರ್ಲರಿನ ಹುಡುಗಿ ಪರಿಯ ಕೂದಲನ್ನು ಕಿವಿಯ ಮಟ್ಟಕ್ಕೆ ಸಮ ಮಾಡಿದಳು. ಚೆನ್ನಾಗಿಯೇ ಮಾಡಿದಳು. "ಕಿತ್ತಿ ಗೋಡ ದಿಸತೆಸ", ಎಷ್ಟು ಚಂದ ಕಾಣುತ್ತೀ ಎಂದು ಮುದ್ದು ಮಾಡಿದಳು. ಪರಿ ಕನ್ನಡಿಯಿಂದ ಮುಖ ತಿರುಗಿಸಿ ನನ್ನ ಹೊಟ್ಟೆಯಲ್ಲಿ ಮುಖ ಹುದುಗಿಸಿದಳು. ನಾನು ಅವಳನ್ನು ಸಮಾಧಾನ ಮಾಡುತ್ತಿದ್ದಾಗ ಕುರ್ಚಿ ಕಿರ್ರೆಂದದ್ದು ಕೇಳಿತು. ನೋಡಿದರೆ ಅತ್ತೆಯವರು ಅದರಲ್ಲಿ ಕೂತಿದ್ದಾರೆ!

"ನನಗೂ ಹಿಂಗs ಮಾಡವಾ" ಎಂದರು.

ಪಾರ್ಲರಿನವಳು ನನ್ನ ಮುಖ ನೋಡಿದಳು. "ಆಜಿ, ಖರಂಚ?" ನಿಜವಾಗಿಯೂ ಕತ್ತರಿಸಲೇ ಎಂದು ಅವಳಿಗೆ ನಂಬಿಕೆ ಬರಲೊಲ್ಲದು.

"ಅತ್ತಿ, ಏನ್ ಮಾಡಾಕತ್ತೀರಿ? ಏಳ್ರಿ. ಮಂದಿ ಏನಂದಾರು?"

ಅತ್ತೆಯವರು ಅಷ್ಟರಲ್ಲಿ ಹೇರ್‌ಪಿನ್ನು ಕಿತ್ತು ಗಂಟು ಬಿಚ್ಚಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ಅವರ ಕೂದಲು ಬಿಚ್ಚಿದ್ದನ್ನು ಸರಿಯಾಗಿ ನೋಡಿರಲೇ ಇಲ್ಲ. ಅರ್ಧ ಬಿಳಿ, ಅರ್ಧ ಕಪ್ಪು, ಕುರ್ಚಿಯ ಬೆನ್ನು ದಾಟಿ ಕೆಳಗಿಳಿಯಿತು.

"ಬಣ್ಣಾ ಹಚ್ಚಿದಾಕಿ ನಾ. ಒಣಗೇತಿ ಅಂತ ಹೇಳಿದಾಕಿ ನಾ" ಎಂದರು. ನನಗೆ ಹೇಳಿದರೋ, ಕನ್ನಡಿಗೆ ಹೇಳಿದರೋ ತಿಳಿಯಲಿಲ್ಲ. "ಕೂಸಿಂದ ಅಷ್ಟs ಯಾಕ ಹೋಗಬೇಕು? ಹಚ್ಚು ಕತ್ತರಿ."

ಪರಿ ಅಳುವುದನ್ನು ಮರೆತು ಬಾಯಿ ತೆರೆದು ನೋಡುತ್ತಿದ್ದಳು. ಕತ್ತರಿ ಆಡುವಾಗ ಅತ್ತೆಯವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಮುಗಿದ ಮೇಲೆ ತೆರೆದು, ತಲೆಯನ್ನು ಆ ಕಡೆ ಈ ಕಡೆ ಒಲೆದು, "ಹಗರ ಆತು" ಎಂದರು. ಅಷ್ಟೇ.

ಸಂಜೆ ಅಕ್ಕಲಕೋಟದಿಂದ ಬಂದ ಮಾವನವರಿಗೆ ಬಾಗಿಲು ತೆರೆದವರು ಅತ್ತೆಯವರೇ. ಮಾವನವರು ಒಂದು ಮೆಟ್ಟಿಲು ಹಿಂದೆ ಸರಿದು, ಮೀಟರಿನ ಬಣ್ಣ ನೋಡಿ ಮನೆ ತಮ್ಮದೇ ಎಂದು ಖಾತ್ರಿ ಮಾಡಿಕೊಂಡು, ಎಷ್ಟೋ ವರ್ಷದ ಮೇಲೆ ಒಂದು ಪೂರ್ತಿ ವಾಕ್ಯ ಆಡಿದರು: "ನಮ್ಮ ಮನಿಯಾಕಿ ಒಳಗದಾಳೇನ್ರಿ ಬಾಯಾರ?"

ಪಲಂಗದ ಹಲಗೆಯನ್ನು ಅತ್ತೆಯವರು ಮರುದಿನವೇ ಕೆರೆದು ಬೋಳು ಮಾಡಿ, ಬಣ್ಣವಿಲ್ಲದೆ ಹಾಗೆಯೇ ಬಿಟ್ಟರು. ಪರಿ ಈಗ ಅದರ ಮೇಲೆಯೇ ಮಲಗುತ್ತಾಳೆ, ಕಾಲು ಹಲಗೆಗೆ, ತಲೆ ಬಾಗಿಲಿಗೆ. ಆದರೆ ಅಂದಿನ ಮಟ್ಟಿಗೆ ಅವಳ ಹಟ ಇಳಿದಿರಲಿಲ್ಲ. ಅಜ್ಜಿಯ ತಲೆ ಸವರಿ ನಕ್ಕಳು, ಅಜ್ಜಿಯ ಪಕ್ಕದಲ್ಲಿಯೇ ಮಲಗಿದಳು, ಕುಣಿತದ ಮಾತೆತ್ತಿದರೆ ಮಾತ್ರ ತುಟಿ ಬಿಗಿದಳು. ಮನೆಯಲ್ಲಿ ಅಜ್ಜಿಯ ಕೂದಲು ಕಂಡರೇನಾಯಿತು? ವೇದಿಕೆಯ ಮೇಲೆ ನಿಲ್ಲಬೇಕಾದವಳು ಅವಳೊಬ್ಬಳೇ ಅಲ್ಲವೇ?

ಬುಧವಾರ ಹೇಗೋ ಒಪ್ಪಿಸಿ ಸೀರೆ ಉಡಿಸಿ ಕರೆದುಕೊಂಡು ಹೋದೆ. ತುರುಬು ಕಟ್ಟಲು ಕೂದಲಿಲ್ಲ, ಮಲ್ಲಿಗೆಯನ್ನು ಹೇರ್‌ಬ್ಯಾಂಡಿಗೆ ಸುತ್ತಿದೆ. ಸಭಾಗೃಹ ತುಂಬಿತ್ತು. ಓಣಿಯವರು, ಶಾಲೆಯವರು, ಅಕ್ಕಲಕೋಟದಿಂದ ಬಂದ ಅತ್ತೆಯವರ ತಮ್ಮ, ತಮ್ಮನ ಹೆಂಡತಿ, ಎಲ್ಲ ಇದ್ದರು. ಅತ್ತೆಯವರು ಮುಂದಿನ ಸಾಲಿನಲ್ಲಿ ಸೆರಗನ್ನು ಹಣೆಯವರೆಗೆ ಎಳೆದು, ಗಲ್ಲದ ಕೆಳಗೆ ಬಿಗಿಯಾಗಿ ಹಿಡಿದು ಕೂತಿದ್ದರು. ಹೊರಗೆ ಹೊರಟರೆ ಅವರ ತಲೆಯ ಮೇಲೆ ಸೆರಗು ಇದ್ದೇ ಇರುತ್ತಿತ್ತು. ಅಂದು ಮಾತ್ರ ಅದನ್ನು ಹಿಡಿದ ಕೈಯನ್ನು ಅವರು ಒಂದು ಗಳಿಗೆಯೂ ಸಡಿಲಿಸಲಿಲ್ಲ. ತಮ್ಮನ ಹೆಂಡತಿ, "ಯಾಕ್ರಿ ಅಕ್ಕಾ, ಜ್ವರಾ ಬಂದಾವೇನು?" ಎಂದು ಕೇಳಿದರೂ ಸುಮ್ಮನೆ ತಲೆಯಾಡಿಸಿದರು.

ಹಾಡು ಶುರುವಾಯಿತು. ದೊಡ್ಡ ದೊಡ್ಡ ತುರುಬಿನ ಹುಡುಗಿಯರು ಸಾಲಾಗಿ ಬಂದರು. ಸಾಲಿನ ಕೊನೆಯ ಜಾಗ ಖಾಲಿ ಇತ್ತು. ಬದಿಯ ಪರದೆ ಹಿಡಿದುಕೊಂಡು ಪರಿ ನಿಂತಿದ್ದಳು. ಟೀಚರ್ ಹಿಂದಿನಿಂದ ಮೆಲ್ಲಗೆ ನೂಕಿದರು. ಅವಳು ಹೆಜ್ಜೆ ಕೀಳಲಿಲ್ಲ. ಯಾರೋ ಹುಡುಗರು ಅವಳ ತಲೆ ತೋರಿಸಿ ನಕ್ಕರು. ನಾನು ಕೆಳಗಿನಿಂದ ಕೈ ಬೀಸಿದೆ, ಅವಳು ನನ್ನ ಕಡೆ ನೋಡಲೇ ಇಲ್ಲ. ಮುಖ ಕೆಂಪಾಗಿ, ಇನ್ನೇನು ಒಳಗೆ ಓಡಬೇಕು.

ನನ್ನ ಪಕ್ಕದಲ್ಲಿ ಅತ್ತೆಯವರು ಎದ್ದು ನಿಂತರು. ಹಿಂದಿನ ಸಾಲಿನವರು "ಕೂಡ್ರಿ, ಕೂಡ್ರಿ" ಎಂದು ಕೂಗಿದರು. ಅವರು ಕೂಡಲಿಲ್ಲ. ಸೆರಗಿಗೆ ಕೈ ಹಾಕಿ, ಹಿಂದಕ್ಕೆ ಸರಿಸಿ, ಹೆಗಲ ಮೇಲೆ ಬಿಟ್ಟರು. ಸಭೆಯ ದೀಪದಲ್ಲಿ ಆ ಕಿವಿಮಟ್ಟದ ಅರೆಬಿಳಿ ಕೂದಲು ಎಲ್ಲರಿಗೂ ಕಂಡಿತು. ತಮ್ಮನ ಹೆಂಡತಿ "ಅಯ್ಯ ನಮ್ಮವ್ವ!" ಎಂದು ಬಾಯಿಗೆ ಕೈ ಒಯ್ದಳು.

"ಪರವ್ವಾ, ಇಕ್ಕಾ ನಾ ಇಲ್ಲೇ ಅದೀನಿ ನೋಡು!" ಎಂದು ಅತ್ತೆಯವರು ಕೂಗಿದರು.

ಪರಿ ನೋಡಿದಳು. ಪರದೆಯನ್ನು ಬಿಟ್ಟಳು. ಎರಡು ಹೆಜ್ಜೆ ತಡವಾಗಿ, ತಪ್ಪು ಕಾಲು ಮುಂದಿಟ್ಟು ಕುಣಿತಕ್ಕೆ ಸೇರಿಕೊಂಡಳು. ಉಳಿದ ಹುಡುಗಿಯರೆಲ್ಲ ಬಲಕ್ಕೆ ತಿರುಗಿದಾಗಲೂ ಅವಳು ಮುಂದಿನ ಸಾಲಿನತ್ತಲೇ ಮುಖ ಮಾಡಿಕೊಂಡಿದ್ದಳು. ಹಾಡು ಮುಗಿಯುವವರೆಗೆ ಅತ್ತೆಯವರು ಹಾಗೆಯೇ ನಿಂತಿದ್ದರು, ಬರಿದಲೆಯಲ್ಲಿ. ಹಿಂದಿನವರು ಮತ್ತೆ "ಕೂಡ್ರಿ" ಎಂದು ಕೂಗಿದಾಗ, ನಾನೂ ಎದ್ದು ಅವರ ಪಕ್ಕದಲ್ಲಿ ನಿಂತೆ.